ಪದಚರ್ಚೆ: 'ರೀಮಾಸ್ಟರ್ಡ್' ಎನ್ನುವುದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಕೇ?

ಬಳಗದವರಿಗೆ ನಮಸ್ಕಾರ.

ಅಮೆರಿಕದ ಹಳೆಯ ವೈಜ್ಞಾನಿಕ ಧಾರಾವಾಹಿಗಳ ಬ್ಲೂ-ರೇ ಬಾಕ್ಸ್ ಸೆಟ್‌ಗಳ ಗುಣದೋಷ ತೂಗುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎಲ್ಲ ಸೆಟ್‌ಗಳ ಹೊದಿಕೆಯೂ ಸಾರುವುದು ಒಂದೇ ಮಾತನ್ನು: ರೀಮಾಸ್ಟರ್ಡ್, ಅಂದರೆ ಹಳೆಯ ಚಿತ್ರವನ್ನು ಹೊಸದಾಗಿ ಸಜ್ಜುಗೊಳಿಸಿದ್ದು. ಒಳಗೆ ನಡೆದಿರುವ ಕೆಲಸ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಅಷ್ಟನ್ನೂ 'ಪುನರುಜ್ಜೀವನ' ಎಂದು ಕರೆದು ಕೈತೊಳೆದುಕೊಂಡರೆ, ಸಾವಿರಾರು ರೂಪಾಯಿ ತೆತ್ತು ಕೊಳ್ಳುವವರಿಗೆ ನಾನು ಏನನ್ನೂ ಹೇಳಿದಂತಾಗುವುದಿಲ್ಲ. ಆದ್ದರಿಂದ ನಿಮ್ಮ ಮುಂದೆ ಈ ತೊಡಕನ್ನು ಇಡುತ್ತಿದ್ದೇನೆ.

ಮೊದಲು ಕೆಲಸ ಎಂಥದು ಎಂದು ನೋಡಿ. 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್' (1987–94) ಚಿತ್ರೀಕರಣವಾದದ್ದು 35 ಮಿ.ಮೀ. ಫಿಲ್ಮಿನಲ್ಲಿ. ಆದರೆ ಸಂಕಲನವೂ ಗಗನನೌಕೆಯ ದೃಶ್ಯಗಳ ಜೋಡಣೆಯೂ ವಿಡಿಯೊ ಟೇಪಿನಲ್ಲಿ ನಡೆದವು. ಹಾಗಾಗಿ ಪೂರ್ತಿ ಸಂಚಿಕೆ ಎಂಬುದು ಫಿಲ್ಮಿನ ರೂಪದಲ್ಲಿ ಎಲ್ಲಿಯೂ ಇರಲಿಲ್ಲ. ಉಳಿದಿದ್ದವು ಬಿಡಿಬಿಡಿ ನೆಗೆಟಿವ್ ಸುರುಳಿಗಳು ಮತ್ತು ಒಂದು ಮಸುಕು ಟೇಪು. 2012ರಿಂದ 2014ರವರೆಗೆ ಬಂದ ಬ್ಲೂ-ರೇ ಸೆಟ್‌ಗಳಿಗಾಗಿ ಆ ಸುರುಳಿಗಳನ್ನು ಹುಡುಕಿ ತೆಗೆದು, ಸ್ಕ್ಯಾನ್ ಮಾಡಿ, ಹಳೆಯ ಟೇಪಿನೊಂದಿಗೆ ಶಾಟ್‌ಗೆ ಶಾಟ್ ತಾಳೆ ನೋಡುತ್ತ ಏಳು ಸೀಸನ್‌ಗಳನ್ನೂ ಮತ್ತೆ ಸಂಕಲಿಸಿದರು. ನೌಕೆಯ ಮಾದರಿಗಳನ್ನು ಸೆರೆಹಿಡಿದಿದ್ದ ಫಿಲ್ಮಿನ ತುಣುಕುಗಳನ್ನೂ ಹೊಸದಾಗಿ ಒಂದರ ಮೇಲೊಂದು ಕೂಡಿಸಿದರು. ಕೆಲವೆಡೆ ನೆಗೆಟಿವ್ ಸಿಗಲೇ ಇಲ್ಲ. ಅಲ್ಲಿ ಟೇಪಿನ ಚಿತ್ರವನ್ನೇ ಹಿಗ್ಗಿಸಿ ಜಾಗ ತುಂಬಿದ್ದಾರೆ. ಸಮವಸ್ತ್ರದ ನೇಯ್ಗೆ ಎಣಿಸುವಷ್ಟು ಸ್ಪಷ್ಟವಾಗಿದ್ದ ದೃಶ್ಯ ಅಂಥ ಕಡೆ ಥಟ್ಟನೆ ಮಂಕಾಗಿ, ಮರುಗಳಿಗೆಗೆ ಮತ್ತೆ ತಿಳಿಯಾಗುತ್ತದೆ.

ಈ ಕೆಲಸದ ವಿವರ ಓದುವಾಗ ನನಗೆ ನೆನಪಾದವರು ನಮ್ಮ ಗ್ರಂಥಸಂಪಾದಕರು. ಓಲೆಗರಿಗಳನ್ನು ಮುಂದೆ ಹರವಿಕೊಂಡು ಪ್ರತಿಗೆ ಪ್ರತಿ ಹೋಲಿಸಿದವರು. ಅವರ ಪದಗಳು ಇಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತವೆ. ನೆಗೆಟಿವ್ 'ಮಾತೃಕೆ', ಅಂದರೆ ಸಂಪಾದನೆಗೆ ಆಧಾರವಾದ ಹಸ್ತಪ್ರತಿ. ನೆಗೆಟಿವ್ ಕಳೆದುಹೋಗಿ ಟೇಪಿನಿಂದ ತುಂಬಿದ ಭಾಗ 'ತ್ರುಟಿತ'. ಇಡೀ ಕೆಲಸಕ್ಕೆ 'ಮಾತೃಕೆಯಿಂದ ಮರುಸಂಪಾದಿತ' ಎನ್ನಬಹುದೆಂದು ನನ್ನ ಮನಸ್ಸು. ಅಡ್ಡಿ ಒಂದೇ: ಗಣಿತದ ಪಠ್ಯಪುಸ್ತಕಗಳು ಮಾತೃಕೆಯನ್ನು ಅಂಕಿಗಳ ಅಡ್ಡಸಾಲು ಕಂಬಸಾಲುಗಳಿಗೆ ಮೀಸಲಿಟ್ಟುಬಿಟ್ಟಿವೆ. ಪಿಯುಸಿ ಓದಿದ ಓದುಗರಿಗೆ ಮೊದಲು ನೆನಪಾಗುವುದು ಅದೇ. 'ಮೂಲಪ್ರತಿ' ಎಂದರೆ ಆ ತೊಂದರೆಯಿಲ್ಲ, ಆದರೆ ಅದಕ್ಕೆ ನೋಂದಣಿ ಕಚೇರಿಯ ವಾಸನೆ ಬಡಿದಿದೆ.

ಇನ್ನು 1966ರಿಂದ 69ರವರೆಗಿನ, 79 ಸಂಚಿಕೆಗಳ ಮೊದಲ 'ಸ್ಟಾರ್ ಟ್ರೆಕ್'. ಇದು ಕೊನೆಯವರೆಗೂ ಫಿಲ್ಮಿನಲ್ಲೇ ಸಿದ್ಧವಾದ ಧಾರಾವಾಹಿಯಾದ್ದರಿಂದ ಹೊಸ ಸ್ಕ್ಯಾನ್ ಕಷ್ಟವಾಗಲಿಲ್ಲ. 2006ರಿಂದ ಶುರುವಾದ ಹೊಸ ಆವೃತ್ತಿಯಲ್ಲಿ ಅಷ್ಟಕ್ಕೇ ನಿಲ್ಲದೆ, ಹಳೆಯ ನೌಕೆಯ ದೃಶ್ಯಗಳನ್ನು ತೆಗೆದು ಕಂಪ್ಯೂಟರಿನಲ್ಲಿ ರಚಿಸಿದ ಹೊಸ ದೃಶ್ಯಗಳನ್ನು ಸೇರಿಸಿದರು. ಇದಕ್ಕೆ 'ಜೀರ್ಣೋದ್ಧಾರ' ಎನ್ನೋಣವೇ? ಆ ಪದ ಕೇಳಿದೊಡನೆ ನನ್ನ ಕಣ್ಣಿಗೆ ಕಟ್ಟುವುದು ಕಲ್ಲುಗಂಬಕ್ಕೆ ಬಳಿದ ಆಯಿಲ್ ಪೇಂಟ್, ಗರ್ಭಗುಡಿಯ ಸುತ್ತ ಹೊಳೆಯುವ ಟೈಲ್ಸ್. ಹಾಗೆ ನೋಡಿದರೆ ಪದ ತಕ್ಕುದಾಗಿಯೇ ಇದೆ, ಆದರೆ ಬಯ್ದ ಹಾಗೆ ಕೇಳಿಸುತ್ತದೆ. ಅಷ್ಟು ಬಯ್ಯುವುದು ನ್ಯಾಯವಲ್ಲ. ಏಕೆಂದರೆ 2009ರ ಬ್ಲೂ-ರೇ ಸೆಟ್‌ನಲ್ಲಿ ರಿಮೋಟಿನ ಒಂದು ಗುಂಡಿ ಒತ್ತಿದರೆ ಹಳೆಯ ದೃಶ್ಯ, ಇನ್ನೊಮ್ಮೆ ಒತ್ತಿದರೆ ಹೊಸದು. ಸಂಪಾದಕರ ಭಾಷೆಯಲ್ಲಿ ಹೇಳುವುದಾದರೆ ಹೊಸ ದೃಶ್ಯ 'ಪ್ರಕ್ಷಿಪ್ತ', ಮೂಲದಲ್ಲಿಲ್ಲದೆ ಆಮೇಲೆ ಸೇರಿದ್ದು. ಆದರೂ 'ಪಾಠಾಂತರ'ವನ್ನು, ಎಂದರೆ ಇನ್ನೊಂದು ಪ್ರತಿಯ ರೂಪವನ್ನು, ಪ್ರಾಮಾಣಿಕವಾಗಿ ಪುಟದ ಅಡಿಯಲ್ಲಿ ಕೊಟ್ಟಿದ್ದಾರೆ. ಸೆಟ್‌ಗೆ ನಾನು ಹೆಚ್ಚು ಅಂಕ ಕೊಡುತ್ತಿರುವುದು ಆ ಗುಂಡಿಗಾಗಿ.

'ಪರಿಷ್ಕೃತ' ಎಂಬ ಪದ ಸುಲಭವಾಗಿ ಬಾಯಿಗೆ ಬರುತ್ತದೆ, ನಿಜ. ಪುಸ್ತಕಗಳಲ್ಲಿ 'ಪರಿಷ್ಕೃತ ಮುದ್ರಣ' ಎಂದರೆ ಬರೆದವರೇ ತಿದ್ದಿದ್ದು ಎಂದು ಅರ್ಥ. ಇಲ್ಲಿ ಬರೆದವರು ತಿದ್ದಿಲ್ಲ. ಪತ್ರಿಕೆಗಳಲ್ಲಿ 'ದರ ಪರಿಷ್ಕರಣೆ' ಎಂದರೆ ಏರಿಕೆ ಎಂದೇ ಲೆಕ್ಕ. ಬಾಕ್ಸ್ ಸೆಟ್‌ಗಳ ಮಟ್ಟಿಗೆ ಆ ಅರ್ಥವೂ ಹೊಂದುತ್ತದೆನ್ನಿ.

ನನ್ನನ್ನು ನಿಜವಾಗಿ ಕಾಡಿಸಿದ್ದು 'ಬ್ಯಾಬಿಲಾನ್ 5'. ಐದು ಸೀಸನ್, 110 ಸಂಚಿಕೆ. ನಟರ ದೃಶ್ಯಗಳನ್ನು ಮುಂದೆ ಅಗಲ ಪರದೆಗೂ ಆಗಲಿ ಎಂದು ಫಿಲ್ಮಿನಲ್ಲಿ ತೆಗೆದಿದ್ದರು. ಕಂಪ್ಯೂಟರ್ ದೃಶ್ಯಗಳು ಮಾತ್ರ ಆ ಕಾಲದ ಟಿವಿಯ 4:3 ಚೌಕಟ್ಟಿಗೆ ತಯಾರಾದವು. ಡಿವಿಡಿಗೆ ಬಂದಾಗ ಎಲ್ಲವನ್ನೂ ಅಗಲ ಪರದೆಗೆ ಒಗ್ಗಿಸಿದರು. ನೌಕೆಯೊಂದು ಚೌಕಟ್ಟಿನೊಳಕ್ಕೆ ಬಂದ ತಕ್ಷಣ ಚಿತ್ರದ ತಲೆ ಕಾಲು ಕತ್ತರಿಸಿಹೋಗಿ, ಉಳಿದದ್ದು ಉಬ್ಬಿ ಮಸುಕಾಗುತ್ತದೆ. ನಟರೂ ನೌಕೆಯೂ ಒಂದೇ ಶಾಟ್‌ನಲ್ಲಿದ್ದರೆ ನಟರ ಮುಖಕ್ಕೂ ಅದೇ ಗತಿ. 2023ರ ಡಿಸೆಂಬರಿನಲ್ಲಿ ಬಂದ ಬ್ಲೂ-ರೇ ಸೆಟ್ ಮತ್ತೆ 4:3ಕ್ಕೆ ಮರಳಿದೆ. ನಟರ ದೃಶ್ಯಗಳು ಫಿಲ್ಮಿನ ಹೊಸ ಸ್ಕ್ಯಾನ್, ಕಂಪ್ಯೂಟರ್ ದೃಶ್ಯಗಳು ಹಳೆಯದನ್ನು ಹಿಗ್ಗಿಸಿದ್ದು. ಪರದೆಯ ಎರಡು ಬದಿ ಖಾಲಿಯಾದರೂ ಇದೇ ಸರಿಯಾದ ನಿರ್ಧಾರ ಎಂದು ಬರೆಯಲಿದ್ದೇನೆ. ಆದರೆ ಅರ್ಧ ಮರುಸಂಪಾದಿತ, ಅರ್ಧ ಹಿಗ್ಗಿಸಿದ ಇಂಥದ್ದಕ್ಕೆ ಏನೆನ್ನುವುದು? ಸದ್ಯಕ್ಕೆ 'ಮಿಶ್ರಪಾಠ' ಎಂದು ಬರೆದಿಟ್ಟುಕೊಂಡಿದ್ದೇನೆ. 'ಅಪ್‌ಸ್ಕೇಲ್' ಎನ್ನುವುದಕ್ಕಂತೂ 'ಹಿಗ್ಗಿಸಿದ' ಎಂಬುದೇ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 480 ಸಾಲಿನ ಚಿತ್ರವನ್ನು 1080 ಸಾಲಿಗೆ ಎಳೆದಾಗ ಆಗುವುದು ಅದೇ. ಸಂಸ್ಕೃತದ ಪದ ಹಾಕಿದರೆ ಇಲ್ಲದ ಘನತೆ ಬಂದುಬಿಡುತ್ತದೆ.

ಹೊದಿಕೆಯ ಮೇಲಿನ ಉಳಿದ ಮಾತುಗಳಲ್ಲಿ ಎರಡು ಮುಖ್ಯ. 'ಕಲೆಕ್ಟರ್ಸ್ ಎಡಿಷನ್' ಎಂಬುದನ್ನು 'ಸಂಗ್ರಹ ಆವೃತ್ತಿ' ಎಂದು ಅನುವಾದಿಸಿರುವುದನ್ನು ಕಂಡಿದ್ದೇನೆ. ಭಾರತ ಸಂಗ್ರಹ, ರಾಮಾಯಣ ಸಂಗ್ರಹ ಎಂದು ಓದಿ ಬೆಳೆದವರಿಗೆ ಸಂಗ್ರಹವೆಂದರೆ ಸಂಕ್ಷೇಪ. ಎಲ್ಲವೂ ಇದೆ ಎಂದು ಹೇಳಹೊರಟು ಕತ್ತರಿಸಿದ್ದೇವೆ ಎಂದಂತಾಗುತ್ತದೆ! 'ಸಂಗ್ರಾಹಕರ ಆವೃತ್ತಿ' ವಾಸಿ. ಮೂಲ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಜಿಲ್ಲಾಧಿಕಾರಿಗಳ ನೆನಪಾಗುತ್ತದೆ. ಎರಡನೆಯದು 'ಕಂಪ್ಲೀಟ್ ಸೀರೀಸ್'. ಇದಕ್ಕೆ 'ಸಮಗ್ರ' ಎನ್ನಲು ಕೈ ಬರುತ್ತಿಲ್ಲ. ಮೇಲೆ ಹೇಳಿದ 2023ರ ಸೆಟ್‌ನಲ್ಲಿ ಎಲ್ಲ ಸಂಚಿಕೆಗಳೂ ಆರಂಭದ ಚಿತ್ರವೂ ಇವೆ, ಆಮೇಲೆ ಬಂದ ಟಿವಿ ಚಿತ್ರಗಳಿಲ್ಲ. 'ಸಮಗ್ರ ಸಾಹಿತ್ಯ'ದ ಸಂಪುಟದಲ್ಲಿ ನಾಟಕಗಳನ್ನು ಬಿಟ್ಟರೆ ನಾವು ಒಪ್ಪುತ್ತೇವೆಯೇ? 'ಎಲ್ಲ ಸಂಚಿಕೆಗಳು' ಎಂದಷ್ಟೇ ಬರೆಯುವುದು ಕ್ಷೇಮ.

'ಬಾಕ್ಸ್ ಸೆಟ್', 'ಸೀಸನ್' ಇವನ್ನು ಹಾಗೆಯೇ ಬಿಟ್ಟಿದ್ದೇನೆ. ಕನ್ನಡದ ವಾಹಿನಿಗಳೇ ಸೀಸನ್ ಎನ್ನುವಾಗ 'ಋತು' ತಂದು ಮಳೆಗಾಲ ಚಳಿಗಾಲ ಮಾಡುವುದು ಬೇಡ. ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆಂದು ಹೇಳುವ 'ರೀಜನ್ ಕೋಡ್'ಗೆ 'ವಲಯ' ಇದ್ದೇ ಇದೆ. ಭಾರತ ಬ್ಲೂ-ರೇಯ ಸಿ ವಲಯ, ಅಮೆರಿಕ ಎ ವಲಯ. ವಲಯ ಕಟ್ಟಿಹಾಕಿದ ಡಿಸ್ಕ್ ತರಿಸಿಕೊಂಡರೆ ಇಲ್ಲಿನ ಪ್ಲೇಯರಿನಲ್ಲಿ ಓಡುವುದಿಲ್ಲ ಎಂದು ಲೇಖನದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ.

ಕನ್ನಡ ಸಿನಿಮಾಗಳ ಬಗ್ಗೆ ಬರೆಯುವವರಿಗೂ ಈ ಪದಗಳು ಬೇಕಾದಾವು. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ ಬಣ್ಣ ತುಂಬಿದ್ದು ಒಂದು ಕೆಲಸ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ 'ಘಟಶ್ರಾದ್ಧ'ದ ಸಂರಕ್ಷಿತ ಪ್ರತಿ ಇನ್ನೊಂದು ಕೆಲಸ. ಎರಡಕ್ಕೂ ಒಂದೇ ಹೆಸರು ಸಲ್ಲದು.

ಹಾಗಾಗಿ ಕೇಳಬೇಕಾದದ್ದು ಇಷ್ಟು: 'ಮಾತೃಕೆ'ಯನ್ನು ಗಣಿತದವರಿಂದ ಎರವಲು ಪಡೆಯಬಹುದೇ, ಇಲ್ಲವೇ 'ಮೂಲಪ್ರತಿ'ಯೇ ಸಾಕೇ? ಫಿಲ್ಮಿನಲ್ಲಿ ಸಹಜವಾಗಿ ಕಾಣುವ ನವಿರು ಕಣಗಳಿಗೆ ಛಾಯಾಗ್ರಾಹಕರು ಕನ್ನಡದಲ್ಲಿ ಏನೆನ್ನುತ್ತಾರೆ? 'ರವೆ' ಎಂದು ಬರೆದರೆ ನಡೆದೀತೇ? 4:3 ಚಿತ್ರದ ಎರಡೂ ಪಕ್ಕದಲ್ಲಿ ನಿಲ್ಲುವ ಕಪ್ಪು ಪಟ್ಟಿಗಳಿಗೆ 'ಅಂಚುಪಟ್ಟಿ'ಗಿಂತ ಒಳ್ಳೆಯ ಪದ ಹೊಳೆದರೆ ಅದನ್ನೂ ತಿಳಿಸಿ.