ಮರಗೆಲಸ, ಹಗ್ಗದ ಕೆಲಸದಿಂದ ಕುದುರೆ ಪಳಗಿಸುವ ಕೈ ಬರುತ್ತದೆಯೇ?

ಹೊಸಸವಾರ:
ಎರಡೂವರೆ ವರ್ಷದ ಕುದುರೆಗೆ ನೆಲದ ಪಾಠ ಶುರುಮಾಡಬೇಕು: ಹಗ್ಗ ಹಿಡಿದು ನಡೆಸುವುದು, ನಿಲ್ಲಿಸುವುದು, ಹಿಂದೆ ಸರಿಸುವುದು. ಲಾಯಕ್ಕೆ ಹೋಗಲು ಆಗುವುದು ವಾರಕ್ಕೆ ಎರಡೇ ದಿನ. ಮಿಕ್ಕ ದಿನ ಮನೆಯಲ್ಲಿ ಯಾವ ಕೆಲಸ ಮಾಡಿದರೆ ಕುದುರೆ ಮುಂದೆ ಉಪಯೋಗಕ್ಕೆ ಬರುತ್ತದೆ? ಮರಗೆಲಸದ ಸಾಮಾನು ಇದೆ. ತಾಳ್ಮೆ ಬರುತ್ತದೆ ಅನ್ನುವ ಉತ್ತರ ಬೇಡ, ಅಳತೆ ಸಮೇತ ಹೇಳಿ.

ಗಂಟುಹಗ್ಗ:
ಮೊದಲು ಹಗ್ಗದ ಹಾಲ್ಟರ್ ಕಟ್ಟಿ, ಅಂದರೆ ಕುದುರೆಯನ್ನು ಹಿಡಿದು ನಡೆಸಲು ಅದರ ತಲೆಗೆ ತೊಡಿಸುವ ಕಟ್ಟು. 6 ಮಿ.ಮೀ. ದಪ್ಪದ, ಗಟ್ಟಿಯಾಗಿ ಹೆಣೆದ ಪಾಲಿಯೆಸ್ಟರ್ ಹಗ್ಗ 7 ಮೀಟರ್ ಸಾಕು. ನೈಲಾನ್ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ತುದಿಗಳನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ, ಇಲ್ಲದಿದ್ದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ.

ಮೂಗಿನ ಪಟ್ಟಿ ಕೆನ್ನೆಮೂಳೆ ಮುಗಿಯುವಲ್ಲಿಂದ ಎರಡು ಮೂರು ಬೆರಳು ಕೆಳಗೆ ಕೂರಬೇಕು. ಇನ್ನೂ ಕೆಳಗಿಳಿದರೆ ಮೂಗಿನ ಮೂಳೆಯ ತೆಳುವಾದ ತುದಿಗೆ ಒತ್ತುತ್ತದೆ. ಎಲ್ಲರೂ ತಪ್ಪುವುದು ಕೊನೆಯ ಗಂಟಿನಲ್ಲಿ. ನೆತ್ತಿಯ ಮೇಲಿಂದ ಬಂದ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಕುಣಿಕೆಯ ಸುತ್ತಲೇ ಸುತ್ತಿ ಗಂಟು ಹಾಕಬೇಕು, ಹಗ್ಗದ ಮಿಕ್ಕ ತುದಿ ಕಣ್ಣಿನ ಕಡೆಗಲ್ಲ, ಹಿಂದಕ್ಕೆ ಇರಬೇಕು. ಕುಣಿಕೆಯ ಮೇಲ್ಗಡೆ ಗಂಟು ಹಾಕಿದರೆ ಒಮ್ಮೆ ಜಗ್ಗಿದ ಮೇಲೆ ಬಿಚ್ಚಲು ಇಕ್ಕಳ ಬೇಕಾಗುತ್ತದೆ.

ಕಟ್ಟಿದ್ದನ್ನು ನಿಮ್ಮ ಮುಂಗೈಗೆ ಸುತ್ತಿ ಯಾರಿಂದಾದರೂ ಎಳೆಸಿ ನೋಡಿ. ಅಗಲ ಪಟ್ಟಿಗಿಂತ ತೆಳು ಹಗ್ಗ ಎಷ್ಟು ಚುರುಕಾಗಿ ಕಚ್ಚುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ.

ಕೀಸುಳಿ:
ಹಾಲ್ಟರ್ ಒಳ್ಳೆಯದೇ, ಆದರೆ ಕೈ ಪಳಗಬೇಕಾಗಿರುವುದು ಎಳೆಯುವುದರಲ್ಲಲ್ಲ, ಬಿಡುವುದರಲ್ಲಿ. ಹಗ್ಗ ಬಿಗಿಯಾದಾಗ ಕುದುರೆ ಉತ್ತರ ಹುಡುಕುತ್ತದೆ. ಸಡಿಲವಾದ ಕ್ಷಣದಲ್ಲಿ ಏನು ಮಾಡುತ್ತಿತ್ತೋ ಅದನ್ನೇ ಉತ್ತರ ಅಂತ ಹಿಡಿದುಕೊಳ್ಳುತ್ತದೆ. ಎರಡು ಸೆಕೆಂಡ್ ತಡವಾದರೆ ಬೇರೆ ಯಾವುದನ್ನೋ ಕಲಿಸಿದ ಹಾಗೆ.

ಇದಕ್ಕೆ ಸ್ಪ್ರಿಂಗ್ ತಕ್ಕಡಿ ತನ್ನಿ, ಲಗೇಜ್ ತೂಗುವ ಕೊಕ್ಕೆಯಂಥದ್ದು. ಹಲವು ಡಿಜಿಟಲ್ ತಕ್ಕಡಿಗಳಲ್ಲಿ ಅಂಕಿ ಒಂದು ಕಡೆ ನಿಂತುಬಿಡುತ್ತದೆ, ಅದು ಆಗದು. ಕಿಟಕಿ ಸರಳಿಗೆ ತಕ್ಕಡಿ ಕಟ್ಟಿ, ಕೊಕ್ಕೆಗೆ ಹಗ್ಗ ಹಾಕಿ, ಕಣ್ಣು ಮುಚ್ಚಿ ಅರ್ಧ ಕಿಲೋ ಎಳೆಯಿರಿ. ಕಣ್ಣು ಬಿಟ್ಟು ನೋಡಿದರೆ ಮುಳ್ಳು ಒಂದೂವರೆ ಕಿಲೋ ತೋರಿಸಿದರೂ ಆಶ್ಚರ್ಯವಿಲ್ಲ. 200 ಗ್ರಾಂ, 500 ಗ್ರಾಂ, 1 ಕಿಲೋ ಮೂರೂ ಕೈಗೆ ಪರಿಚಯವಾಗುವ ತನಕ ಮಾಡಿ, ಎಡಗೈಯಲ್ಲೂ.

ಆಮೇಲೆ ಮನೆಯವರೊಬ್ಬರು ಕಣ್ಣು ಮುಚ್ಚಿ ಹಗ್ಗದ ಆ ತುದಿ ಹಿಡಿಯಲಿ. 200 ಗ್ರಾಂ ಹಾಕಿ, ಮೂರು ಎಣಿಸಿ. ಕದಲದಿದ್ದರೆ 500ಕ್ಕೆ ಏರಿಸಿ, ಜಗ್ಗಬೇಡಿ. ಅವರ ಹಿಮ್ಮಡಿ ನೆಲ ಬಿಟ್ಟ ತಕ್ಷಣ ಹಗ್ಗ ಜೋತುಬೀಳಬೇಕು. ಬಿಟ್ಟಿದ್ದು ತಡವಾಯಿತೋ ಇಲ್ಲವೋ ಅವರು ಬಾಯಿಬಿಟ್ಟು ಹೇಳುತ್ತಾರೆ, ಕುದುರೆ ಹೇಳುವುದಿಲ್ಲ.

ಮರಗೆಲಸದಲ್ಲಿ ಇದಕ್ಕೆ ಹತ್ತಿರವಾದದ್ದು ಹಲಗೆ ನಯಮಾಡುವ ಕೀಸುಳಿ. ಮರದ ಎಳೆಗೆ ಎದುರು ತಳ್ಳಿದರೆ ಚಕ್ಕೆ ಏಳುತ್ತದೆ. ಭಾರ ಹಾಕಿದರೆ ಇನ್ನಷ್ಟು ಏಳುತ್ತದೆ, ಹಲಗೆಯನ್ನೇ ತಿರುಗಿಸಬೇಕು. ಕುದುರೆ ಕತ್ತು ಸೆಟೆದು ನಿಂತಾಗಲೂ ನೇರ ಎಳೆಯಬೇಡಿ, ಪಕ್ಕಕ್ಕೆ ಎರಡು ಹೆಜ್ಜೆ ಹೋಗಿ ಓರೆಯಾಗಿ ಕೇಳಿ. ಒಂದು ಮುಂಗಾಲು ಅಡ್ಡ ಇಡಲೇಬೇಕಾಗುತ್ತದೆ.

ಸರ್ವೆಕಂಬ:
ಸಾಮಾನು ಇದೆ ಅಂದಿರಲ್ಲ, ಕುದುರೆ ಹತ್ತಿ ನಿಲ್ಲಲು ಮರದ ಮೆಟ್ಟುಹಲಗೆ ಮಾಡಿ. ಉದ್ದ 2.4 ಮೀ., ಅಗಲ 1.2 ಮೀ., ಎತ್ತರ 15 ಸೆಂ.ಮೀ. ದಾಟಬಾರದು. ಮೇಲೆ 50 ಮಿ.ಮೀ. ದಪ್ಪದ ಹಲಗೆ, ಅಡಿಯಲ್ಲಿ 40 ಸೆಂ.ಮೀ.ಗೊಂದು ತೊಲೆ. ನಡೆಯುವಾಗ ದೇಹದ ಅರ್ಧಕ್ಕೂ ಮಿಕ್ಕ ಭಾರ ಒಂದು ಕ್ಷಣ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ, ಹಾಗಾಗಿ ಪ್ಲೈವುಡ್ ನೆಚ್ಚಬೇಡಿ. ಸ್ಕ್ರೂ ತಲೆ ಮರದೊಳಗೆ ಇಳಿದಿರಲಿ. ಹಸುಗಳಿಗೆ ಹಾಸುವ ರಬ್ಬರ್ ಮ್ಯಾಟ್ ಮೇಲೆ ಬಡಿದರೆ ಜಾರುವುದಿಲ್ಲ, ಗೊರಸಿನ ಡಬ್ ಡಬ್ ಸದ್ದೂ ತಗ್ಗುತ್ತದೆ. ಪಕ್ಕಕ್ಕೆ ಕಟಕಟೆ ಬೇಡ, ಬೇಡವೆನಿಸಿದರೆ ಇಳಿಯಲು ದಾರಿ ಇರಬೇಕು.

ಹತ್ತಿಸುವಾಗ ಮುಂದೆ ನಿಲ್ಲಬೇಡಿ, ಹಾರಿದರೆ ನಿಮ್ಮ ಮೇಲೇ. ಹೆಗಲ ಪಕ್ಕ ನಿಲ್ಲಿ. ಒಂದು ಗೊರಸು ಇಟ್ಟಿತೇ, ಅದಾಗಿಯೇ ಇಳಿಯುವ ಮುಂಚೆ ನೀವೇ ಇಳಿಸಿ. ನಾಲ್ಕು ಸಲ ಆದರೆ ಆ ದಿನಕ್ಕೆ ಮುಗಿಯಿತು. ಬಲಗಡೆಯಿಂದ ಮತ್ತೆ ಮೊದಲಿನಿಂದ ಕಲಿಸಬೇಕು.

ಇನ್ನೊಂದು, ಕುದುರೆ ದಾಟಿ ನಡೆಯಲು ನೆಲದ ಮೇಲೆ ಸಾಲಾಗಿ ಇಡುವ 3 ಮೀಟರ್ ಉದ್ದದ ಸರ್ವೆ ಕಂಬ ನಾಲ್ಕು. ನಡಿಗೆಗೆ 80-90 ಸೆಂ.ಮೀ. ಅಂತರ, ದುಡುಕಿಗೆ (ಟ್ರಾಟ್, ನಡಿಗೆಗಿಂತ ಚುರುಕಾದ ಓಟ) ಸುಮಾರು 1.3 ಮೀ., ಗಿಡ್ಡ ಕುದುರೆಗೆ ಇನ್ನೂ ಕಡಿಮೆ. ಎರಡು ತುದಿಗೂ ಕಚ್ಚು ಹಾಕಿದ ಮರದ ತುಂಡು ಕೊಡಿ. ದುಂಡು ಕಂಬ ಗೊರಸಿನಡಿ ಉರುಳಿದರೆ ಕಾಲು ಹೊರಳುತ್ತದೆ. ಪಿವಿಸಿ ಪೈಪ್ ಒಡೆದು ಚೂಪಾಗುತ್ತದೆ.

ಲಾಯದಬಾಗಿಲು:
ಗಂಟುಹಗ್ಗ ಅವರು ಬಿಟ್ಟ ಮಾತು: ಹಗ್ಗದ ಹಾಲ್ಟರ್‌ನಲ್ಲಿ ಕುದುರೆಯನ್ನು ಗೂಟಕ್ಕೆ ಕಟ್ಟಬೇಡಿ. ಬೆದರಿ ಹಿಂದಕ್ಕೆ ಜಗ್ಗಿದರೆ ಅದು ಹರಿಯುವುದಿಲ್ಲ, ಕತ್ತಿಗೆ ಪೆಟ್ಟು. ಕಟ್ಟಲು ಅಗಲ ಪಟ್ಟಿಯ ಹಾಲ್ಟರ್, ಒಂದೇ ಎಳೆತಕ್ಕೆ ಬಿಚ್ಚುವ ಗಂಟು, ಅದೂ ಕುದುರೆಯ ಹೆಗಲೆತ್ತರದಲ್ಲಿ.

ಇನ್ನು ಕೀಸುಳಿ ಅವರು ಹೋಲಿಸಿದ ಹಲಗೆಗೆ ಹೆದರಿಕೆ ಇಲ್ಲ, ಕುದುರೆಗೆ ಇದೆ. ಕಿವಿ ಸೆಟೆದು, ಮೂಗಿನ ಹೊಳ್ಳೆ ಅರಳಿ, ಉಸಿರು ಹಿಡಿದು ನಿಂತಿದ್ದರೆ ಆಗ ತೂಕ ಏರಿಸುವ ಲೆಕ್ಕ ನಡೆಯುವುದಿಲ್ಲ, ಮೂರು ಹೆಜ್ಜೆ ದೂರ ಕರೆದುಕೊಂಡು ಹೋಗಿ.

ಹೊಸಸವಾರ:
ತಕ್ಕಡಿ ಇವತ್ತೇ ತರುತ್ತೇನೆ. ದೂರ ಕರೆದುಕೊಂಡು ಹೋದರೆ ಹೆದರಿ ತಪ್ಪಿಸಿಕೊಳ್ಳುವುದನ್ನೇ ಕಲಿಯುವುದಿಲ್ಲವೇ?

ಲಾಯದಬಾಗಿಲು:
ಕುದುರೆ ತಾನಾಗಿಯೇ ತಿರುಗಿ ಓಡಿದರೆ ಕಲಿಯುತ್ತದೆ. ನೀವು ಕರೆದು, ಹಗ್ಗ ಜೋತಿರುವಾಗ ನಿಮ್ಮ ಜೊತೆ ನಡೆದರೆ ಇಲ್ಲ. ತಲೆ ತಗ್ಗಿಸಿ ಬಾಯಿ ಮೆಲ್ಲಲು ಶುರುಮಾಡುವ ತನಕ ಅಲ್ಲೇ ನಿಂತು, ಮತ್ತೆ ಮೆಟ್ಟುಹಲಗೆ ಹತ್ತಿರ ತನ್ನಿ, ಹಿಂದಿನ ಸಲಕ್ಕಿಂತ ಅರ್ಧ ಹೆಜ್ಜೆ ಮುಂದೆ ಮಾತ್ರ.