ಸುಮ್ನೆ ಬಿದ್ದಿರುವ ಪೈ 4 ಅನ್ನು ಮನೆ ರೌಟರ್ ಮಾಡಬಹುದಾ?

ಉದ್ದಕೇಬಲ್:
ಒಂದು ರಾಸ್ಪ್‌ಬೆರಿ ಪೈ 4 (ಪುಟ್ಟ ಒಂದೇ ಬೋರ್ಡಿನ ಕಂಪ್ಯೂಟರ್) ಸುಮ್ನೆ ಬಿದ್ದಿದೆ, 2 ಜಿಬಿ ಮಾಡೆಲ್. ಲೈನ್ 300 ಎಂಬಿಪಿಎಸ್ ಫೈಬರ್. ಕನೆಕ್ಷನ್ ಜೊತೆ ಕೊಟ್ಟ ಡಬ್ಬಿಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ನಂಬರ್ ಸರಿಯಾಗೇ ಬರುತ್ತದೆ, ಆದರೆ ಮನೆಯಲ್ಲಿ ಯಾರಾದರೂ ಫೋಟೋ ಬ್ಯಾಕಪ್ ಶುರು ಮಾಡಿದರೆ ಸಾಕು, ನನ್ನ ವಿಡಿಯೋ ಕಾಲ್ ತೊದಲೋಕೆ ಶುರು. ಪೈಗೆ ಓಪನ್‌ಡಬ್ಲ್ಯೂಆರ್‌ಟಿ (ರೌಟರ್‌ಗಳಿಗೆಂದೇ ಇರುವ ಆಪರೇಟಿಂಗ್ ಸಿಸ್ಟಮ್) ಹಾಕಿ ಅದನ್ನೇ ರೌಟರ್ ಮಾಡೋಣ ಅಂತಿದ್ದೇನೆ. ಅದರಲ್ಲಿ ಇರುವುದು ಒಂದೇ ಈಥರ್‌ನೆಟ್ ಪೋರ್ಟ್, ಯುಎಸ್‌ಬಿ ಅಡಾಪ್ಟರ್ ಹಾಕಿದರೆ ನಡೆಯುತ್ತದಾ? ವೈಫೈ ಕೂಡ ಅದರಲ್ಲೇ ಆಗುತ್ತದಾ? ಹೊರಗಿದ್ದಾಗ ಮನೆ ನೆಟ್‌ವರ್ಕ್‌ಗೆ ಬರಲು ವೈರ್‌ಗಾರ್ಡ್ ವಿಪಿಎನ್ ಕೂಡ ಬೇಕು. ಮಾಡಿ ನೋಡಿದವರು ಹೇಳಿ.

ಪಿಂಗ್‌ಪ್ರಿಯ:
300ಕ್ಕೆ ಪೈ 4 ಧಾರಾಳ. ಇದರ ಪೋರ್ಟ್ ನಿಜವಾದ ಗಿಗಾಬಿಟ್. ಹಿಂದಿನ 3ಬಿ+ನಲ್ಲಿ ಈಥರ್‌ನೆಟ್ ಚಿಪ್ ಯುಎಸ್‌ಬಿ 2.0 ಮೇಲೆ ಕೂತಿತ್ತು, ಗಿಗಾಬಿಟ್ ಅಂತ ಹೆಸರಿದ್ದರೂ 300ರ ಆಸುಪಾಸಿನಲ್ಲೇ ನಿಂತುಬಿಡುತ್ತಿತ್ತು. ಪೈಯನ್ನು ರೌಟರ್ ಮಾಡಬೇಡಿ ಅನ್ನುವ ಹಳೇ ಸಲಹೆ ಆ ಕಾಲದ್ದು, ಈಗಲೂ ಹೇಳುತ್ತಲೇ ಇರುತ್ತಾರೆ.

ನಿಮ್ಮ ಕಾಲ್ ತೊದಲುವುದಕ್ಕೆ ಕಾರಣ ಬಹುತೇಕ ಬಫರ್‌ಬ್ಲೋಟ್. ಅಪ್‌ಲೋಡ್ ತುಂಬಿದಾಗ ಪ್ಯಾಕೆಟ್‌ಗಳು ಆ ಡಬ್ಬಿಯ ಬಫರ್‌ನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಕಾಲ್‌ನ ಪುಟ್ಟ ಪ್ಯಾಕೆಟ್ ಕೂಡ ಫೋಟೋಗಳ ಹಿಂದೆಯೇ ಕಾಯಬೇಕು. ಅನುಮಾನ ಇದ್ದರೆ ಒಂದು ಟರ್ಮಿನಲ್‌ನಲ್ಲಿ ಪಿಂಗ್ ಓಡಿಸಿಟ್ಟು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. 10 ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಹಾರಿದರೆ ಅದೇ ರೋಗ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಎಸ್‌ಕ್ಯೂಎಂ (ಈ ಸಾಲನ್ನು ನಿಭಾಯಿಸುವ ಪ್ಯಾಕೇಜ್) ಹಾಕಿ, ಅದರಲ್ಲಿ ಕೇಕ್ ಅನ್ನುವ ವಿಧಾನ ಆರಿಸಿ, ಅಪ್‌ಲೋಡ್ ಡೌನ್‌ಲೋಡ್ ಎರಡಕ್ಕೂ ಅಳೆದ ಸ್ಪೀಡಿನ ಶೇಕಡಾ 90ರಷ್ಟು ಕೊಡಿ. ಆಗ ಸಾಲು ನಿಮ್ಮ ಪೈಯಲ್ಲೇ ನಿಲ್ಲುತ್ತದೆ, ಯಾರು ಮೊದಲು ಹೋಗಬೇಕು ಅಂತ ಕೇಕ್ ನೋಡಿಕೊಳ್ಳುತ್ತದೆ. ಸ್ವಲ್ಪ ಸ್ಪೀಡ್ ಬಿಟ್ಟುಕೊಡಬೇಕು, ಕೊಡಿ, ಗೊತ್ತೇ ಆಗುವುದಿಲ್ಲ. ಅಗ್ಗದ ರೌಟರ್‌ಗಳು ಪ್ಯಾಕೆಟ್‌ಗಳನ್ನು ಸಿಪಿಯುಗೆ ಮುಟ್ಟಿಸದೆ ಹಾರ್ಡ್‌ವೇರ್‌ನಲ್ಲೇ ದಾಟಿಸಿಬಿಡುತ್ತವೆ, ಎಸ್‌ಕ್ಯೂಎಂ ಹಾಕಿದರೆ ಪ್ರತಿ ಪ್ಯಾಕೆಟ್ಟೂ ಸಿಪಿಯು ಮೂಲಕವೇ ಹೋಗಬೇಕು, ಅಲ್ಲಿ ಅವು ಸುಸ್ತಾಗುತ್ತವೆ. ಪೈ ಗೆಲ್ಲುವುದು ಅಲ್ಲೇ.

ಅಡಾಪ್ಟರ್ ಆರ್‌ಟಿಎಲ್8153 ಚಿಪ್‌ನದ್ದು ನೋಡಿ ತಗೊಳ್ಳಿ, ಪೈಯ ನೀಲಿ ಯುಎಸ್‌ಬಿ 3.0 ಪೋರ್ಟಿಗೇ ಹಾಕಿ. ಇನ್ನೊಂದು ವಿಷಯ, ಎಸ್‌ಡಿ ಕಾರ್ಡ್‌ಗೆ ಬರೆಯುವ ಓಪನ್‌ಡಬ್ಲ್ಯೂಆರ್‌ಟಿ ಇಮೇಜ್‌ನಲ್ಲಿ ಅದರ ಡ್ರೈವರ್ ಇಲ್ಲದಿದ್ದರೆ ಎರಡನೇ ಪೋರ್ಟ್ ಏಳುವುದಿಲ್ಲ, ಡ್ರೈವರ್ ಇಳಿಸೋಣ ಅಂದರೆ ಇಂಟರ್ನೆಟ್ ಇಲ್ಲ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ. ಓಪನ್‌ಡಬ್ಲ್ಯೂಆರ್‌ಟಿಯ ಫರ್ಮ್‌ವೇರ್ ಸೆಲೆಕ್ಟರ್ ಪುಟದಲ್ಲೇ ಆ ಪ್ಯಾಕೇಜ್ ಸೇರಿಸಿ ಇಮೇಜ್ ಮಾಡಿಸಿಕೊಂಡರೆ ಈ ಗೋಳಿಲ್ಲ.

ಮೂರನೇಪೋರ್ಟ್:
ಮೇಲಿನವರು ವೈಫೈ ಪ್ರಶ್ನೆಗೆ ಉತ್ತರಿಸಲೇ ಇಲ್ಲ. ಬೇಡ. ಪೈಯ ಒಳಗಿನ ಆಂಟೆನಾ ಪುಟ್ಟದು, ಅದು ಇನ್ನೊಂದು ವೈಫೈಗೆ ಸೇರಿಕೊಳ್ಳಲು ಸರಿ, ಮನೆಗೆಲ್ಲ ಹಂಚಲು ಅಲ್ಲ. ಹಳೇ ರೌಟರ್ ಇದ್ದರೆ ಅದರ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ ಅನ್ನು ವ್ಯಾನ್ (ಇಂಟರ್ನೆಟ್ ಬದಿ) ಬಿಟ್ಟು ಲ್ಯಾನ್ (ಮನೆ ಬದಿ) ಪೋರ್ಟಿಗೆ ಹಾಕಿ, ಬರೀ ವೈಫೈ ಹಂಚುವ ಆಕ್ಸೆಸ್ ಪಾಯಿಂಟ್ ರೆಡಿ.

ಕಂಪನಿ ಡಬ್ಬಿಯೇ ಓಎನ್‌ಟಿ (ಫೈಬರ್ ಬಂದು ಸೇರುವ ಮೋಡೆಮ್) ಕೂಡ ಆಗಿದ್ದರೆ ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಗ ಅದು ರೌಟರ್ ಕೆಲಸ ಬಿಟ್ಟು ಬರೀ ದಾಟಿಸುತ್ತದೆ. ಆಗದಿದ್ದರೆ ಡಬಲ್ ನ್ಯಾಟ್ (ಡಬ್ಬಿಯಲ್ಲೊಮ್ಮೆ, ಪೈಯಲ್ಲೊಮ್ಮೆ ಐಪಿ ವಿಳಾಸ ಬದಲಾಗುವುದು) ಆಗುತ್ತದೆ, ಎಸ್‌ಕ್ಯೂಎಂ ಆಗಲೂ ಕೆಲಸ ಮಾಡುತ್ತದೆ, ವೈರ್‌ಗಾರ್ಡ್‌ಗೆ ಮಾತ್ರ ಆ ಡಬ್ಬಿಯಲ್ಲೂ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದದ್ದನ್ನು ಪೈಗೆ ಕಳಿಸುವ ಸೆಟ್ಟಿಂಗ್) ಮಾಡಬೇಕು. ಡಬ್ಬಿ, ಪೈ ಎರಡೂ 192.168.1.1 ಅಂತ ಕೂತರೆ ಜಗಳ, ಪೈಯದ್ದನ್ನು 192.168.2.1 ಮಾಡಿಕೊಳ್ಳಿ. ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ (ಒಂದೇ ಪಬ್ಲಿಕ್ ಐಪಿಯನ್ನು ಕಂಪನಿ ಹಲವು ಗ್ರಾಹಕರಿಗೆ ಹಂಚುವುದು) ಹಿಂದೆ ಇದ್ದೀರಿ, ಐಪಿವಿ4ನಲ್ಲಿ ಹೊರಗಿಂದ ನೇರವಾಗಿ ಬರಲು ಆಗುವುದಿಲ್ಲ.

ಬೋರ್ಡ್‌ಹುಳ:
ಇರುವ ಪೈ ಬಳಸಿ, ಸರಿ. ಆದರೆ ಇದನ್ನು ಓದಿ ಹೊಸದಾಗಿ ಪೈ ತಗೊಳ್ಳಲು ಹೊರಟವರಿದ್ದರೆ ನಿಲ್ಲಿ. ನ್ಯಾನೋಪೈ ಆರ್4ಎಸ್ ತರಹದ ಬೋರ್ಡ್‌ನಲ್ಲಿ ಎರಡು ಗಿಗಾಬಿಟ್ ಪೋರ್ಟ್ ಬೋರ್ಡ್ ಮೇಲೆಯೇ ಇವೆ. ಬೆಕ್ಕು ಎಳೆದರೆ ಇಂಟರ್ನೆಟ್ ಹೋಗುವಂಥ ಅಡಾಪ್ಟರ್ ನೇತಾಡಿಸಿಕೊಂಡು ಯಾಕೆ ಇರಬೇಕು? ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್ ಇದ್ದರೆ ವಿಎಲ್ಯಾನ್ (ಒಂದೇ ಕೇಬಲ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್) ಮಾಡಿ ಪೈಯ ಒಂದೇ ಪೋರ್ಟ್‌ನಲ್ಲೂ ನಡೆಸಬಹುದು, 300ಕ್ಕೆ ಅದು ಸಾಕು.

ಉದ್ದಕೇಬಲ್:
ಪಿಂಗ್ ಪರೀಕ್ಷೆ ಮಾಡಿದೆ, 400 ದಾಟಿತು 😄 ಹಳೇ ರೌಟರ್ ಒಂದಿದೆ, ವೈಫೈ ಅದಕ್ಕೇ ಬಿಡುತ್ತೇನೆ. ಐಪಿ 100.70 ಅಂತ ಶುರುವಾಗುತ್ತದೆ, ಅಂದರೆ ಸಿಜಿನ್ಯಾಟ್. ಬಾಡಿಗೆಯ ಒಂದು ಸಣ್ಣ ಸರ್ವರ್ ಇದೆ, ಪೈಯಿಂದ ಅದಕ್ಕೆ ವೈರ್‌ಗಾರ್ಡ್ ಹಾಕಿದರೆ ಆಗುತ್ತದಲ್ವಾ? ಎಸ್‌ಡಿ ಕಾರ್ಡ್ ಬೇಗ ಸಾಯುತ್ತದೆ ಅಂತಲೂ ಕೇಳಿದ್ದೇನೆ.

ಪಿಂಗ್‌ಪ್ರಿಯ:
ಆಗುತ್ತದೆ, ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಕೊಡಿ, ಅಂದರೆ 25 ಸೆಕೆಂಡಿಗೊಮ್ಮೆ ಪ್ಯಾಕೆಟ್ ಕಳಿಸಿ ಸಂಪರ್ಕ ತೆರೆದಿಡುತ್ತದೆ. ಕಾರ್ಡ್ ಬಗ್ಗೆ ಜಾಸ್ತಿ ಚಿಂತೆ ಬೇಡ, ಓಪನ್‌ಡಬ್ಲ್ಯೂಆರ್‌ಟಿ ಲಾಗ್‌ಗಳನ್ನು ರ‍್ಯಾಮ್‌ನಲ್ಲೇ ಇಡುತ್ತದೆ, ಕಾರ್ಡ್‌ಗೆ ಬರೆಯುವುದು ಕಡಿಮೆ. 5 ವೋಲ್ಟ್ 3 ಆಂಪಿಯರ್‌ನ ಒಳ್ಳೇ ಪವರ್ ಅಡಾಪ್ಟರ್ ಹಾಕಿ.

ನಿಮ್ಮ ಸೆಟಪ್‌ನಲ್ಲಿ ಕಾಡುವುದು ಗಡಿಯಾರ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಕರೆಂಟ್ ಹೋಗಿ ಬಂದರೆ ಟೈಮ್ ಹಿಂದಕ್ಕೆ ಹೋಗಿರುತ್ತದೆ. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಲ್ಲಿ (ಸಂಪರ್ಕ ಶುರು ಮಾಡುವ ಸಂದೇಶದಲ್ಲಿ) ಟೈಮ್‌ಸ್ಟಾಂಪ್ ಇರುತ್ತದೆ, ಹಿಂದೆ ನೋಡಿದ್ದಕ್ಕಿಂತ ಹಳೆಯದು ಬಂದರೆ ಆಚೆ ಸರ್ವರ್ ಸದ್ದಿಲ್ಲದೆ ಬಿಸಾಕುತ್ತದೆ. ಎರರ್ ಕೂಡ ಕಾಣುವುದಿಲ್ಲ. ಎನ್‌ಟಿಪಿ (ಇಂಟರ್ನೆಟ್‌ನಿಂದ ಟೈಮ್ ತರುವ ವ್ಯವಸ್ಥೆ) ಟೈಮ್ ಸರಿ ಮಾಡಿದ ಮೇಲೆ ತಾನೇ ಕೂಡಿಕೊಳ್ಳುತ್ತದೆ, ಆದರೆ ಎಲ್ಲ ಟ್ರಾಫಿಕ್ಕನ್ನೂ ವೈರ್‌ಗಾರ್ಡ್ ಟನೆಲ್‌ಗೆ ತಿರುಗಿಸಿದ್ದರೆ ಎನ್‌ಟಿಪಿ ಪ್ಯಾಕೆಟ್ಟೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಅಲೋಡ್ ಐಪಿಸ್‌ನಲ್ಲಿ (ಟನೆಲ್ ಮೂಲಕ ಹೋಗಬೇಕಾದ ವಿಳಾಸಗಳ ಪಟ್ಟಿ) 0.0.0.0/0, ಅಂದರೆ ಎಲ್ಲ ವಿಳಾಸ, ಹಾಕಬೇಡಿ, ಟನೆಲ್‌ನ ವಿಳಾಸಗಳನ್ನು ಮಾತ್ರ ಕೊಡಿ.