ಮೂರರಿಂದ ಆರು ವರ್ಷದ ಮಗುವಿಗೆ ಹಕ್ಕೇನಿದೆ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಅತ್ತೆ: 2013ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿಯ ಸಾರಾಂಶವನ್ನು ಇಲ್ಲಿ ಹಾಕಿದ್ದೇನೆ. ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ.

ಅಣ್ಣ: ಓದಿದೆ ಅತ್ತೆ. ಆಟದ ಮೂಲಕವೇ ಕಲಿಸಬೇಕು ಎಂದು ಅದರಲ್ಲಿದೆ. ನನ್ನ ಮಗಳಿಗೆ ಇನ್ನೂ ನಾಲ್ಕು ತುಂಬಿಲ್ಲ, ಆದರೂ ಅವಳ ಶಾಲೆಯಲ್ಲಿ ದಿನಕ್ಕೆ ಎರಡು ಪುಟ ಬರೆಸುತ್ತಾರೆ. ಅದು ನನಗೂ ಇಷ್ಟವಿಲ್ಲ. ಆದರೆ ಒಂದನೇ ತರಗತಿಗೆ ಹೋದಾಗ ಉಳಿದ ಮಕ್ಕಳೆಲ್ಲ ಬರೆಯುತ್ತಿದ್ದು ಇವಳೊಬ್ಬಳು ಕೈಕಟ್ಟಿ ಕುಳಿತರೆ ಏನು ಮಾಡಲಿ? ಮನೆಯ ಹತ್ತಿರವೇ ಅಂಗನವಾಡಿ ಇದೆ, ಅಲ್ಲಿ ಊಟ ಕೊಡುತ್ತಾರೆ, ತೂಕ ನೋಡುತ್ತಾರೆ, ಪಾಠ ಎಲ್ಲಿದೆ?

ಅತ್ತೆ: ಮೇಲ್ವಿಚಾರಕಿಯಾಗಿ ಅಂಗನವಾಡಿಗಳನ್ನು ಸುತ್ತಿದವಳಾಗಿ ಹೇಳುತ್ತೇನೆ, ಕೇಳು. ಮಣಿ ಪೋಣಿಸುವ, ಮಣ್ಣು ಕಲಸುವ, ಕಾಳುಗಳನ್ನು ಬಣ್ಣ ಮತ್ತು ಗಾತ್ರ ನೋಡಿ ಬೇರೆ ಮಾಡುವ ಮಗುವಿನ ಬೆರಳು ಪೆನ್ಸಿಲ್ ಹಿಡಿಯಲು ಹದವಾಗುತ್ತದೆ, ಗಣಿತವೂ ಅಲ್ಲಿಂದಲೇ ಶುರುವಾಗುತ್ತದೆ. ಆ ಬೆರಳಿಗೆ ಬಲ ಬರುವ ಮೊದಲೇ ಪುಟಗಟ್ಟಲೆ ಬರೆಸಿದರೆ ಮಗುವಿಗೆ ಅಕ್ಷರವೆಂದರೆ ನೋವು ಎಂದು ತಿಳಿಯುತ್ತದೆಯೇ ಹೊರತು ಅಕ್ಷರ ತಿಳಿಯುವುದಿಲ್ಲ. ಈ ನೀತಿ ಅಂಗನವಾಡಿಗೆ ಮಾತ್ರವಲ್ಲ, ಖಾಸಗಿ ಶಿಶುವಿಹಾರಕ್ಕೂ ಅನ್ವಯಿಸುತ್ತದೆ.

ಚಿಕ್ಕಪ್ಪ: ಮನೆಮಾತಿನಲ್ಲೇ ಕಲಿಸಬೇಕೆಂದು ಆ ನೀತಿಯಲ್ಲಿರುವ ಮಾತನ್ನು ನಾನು ಒಪ್ಪುವುದಿಲ್ಲ. ಹಣವಿದ್ದವರ ಮಕ್ಕಳು ಮೂರನೇ ವಯಸ್ಸಿನಿಂದಲೇ ಇಂಗ್ಲಿಷ್ ಕೇಳಿಸಿಕೊಳ್ಳುತ್ತಿರುವಾಗ, ಕೂಲಿ ಮಾಡುವವರ ಮಕ್ಕಳು ಮಾತ್ರ ಏಕೆ ಕಾಯಬೇಕು?

ಅತ್ತೆ: ಆ ಭಾಗವನ್ನು ಇನ್ನೊಮ್ಮೆ ನೋಡಿ. ಮಗುವಿನೊಂದಿಗಿನ ಮಾತುಕತೆ ಮನೆಮಾತಿನಲ್ಲಿರಲಿ, ಬೇರೆ ಭಾಷೆಗಳು ಅಗತ್ಯಕ್ಕೆ ತಕ್ಕಂತೆ ಮೌಖಿಕವಾಗಿ ಕಿವಿಗೆ ಬೀಳಲಿ ಎಂಬುದು ಅದರ ಆಶಯ. ಇಂಗ್ಲಿಷಿಗೆ ಬಾಗಿಲು ಹಾಕಿಲ್ಲ.

ನಾನು: ನನಗೆ ಕಾಡುವುದು ಬೇರೆ ಪ್ರಶ್ನೆ. ನೀತಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಲು ಮಗುವಿಗೆ ಹಕ್ಕೇ ಇಲ್ಲ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ ತಂದಾಗ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದಕ್ಕಿಂತ ಚಿಕ್ಕವರನ್ನು 45ನೇ ವಿಧಿಗೆ ಬಿಟ್ಟು, ರಾಜ್ಯವು ಪ್ರಯತ್ನಿಸಬೇಕು ಎಂದಷ್ಟೇ ಬರೆದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ 'ಮಾಡಬಹುದು' ಎನ್ನುತ್ತದೆ, 'ಮಾಡಲೇಬೇಕು' ಎನ್ನುವುದಿಲ್ಲ. 2030ರೊಳಗೆ ಎಲ್ಲರಿಗೂ ಒದಗಿಸುತ್ತೇವೆಂದು 2020ರ ಶಿಕ್ಷಣ ನೀತಿ ಹೇಳಿದೆ, ಆದರೆ ಅದೂ ಕಾನೂನಲ್ಲ.

ಚಿಕ್ಕಪ್ಪ: ಹಕ್ಕು ಕೊಟ್ಟುಬಿಟ್ಟರೆ ಕಲಿಸುವವರು ಯಾರು? ಅದೇ ಅಂಗನವಾಡಿ ಕಾರ್ಯಕರ್ತೆಯೇ ಅಲ್ಲವೇ?

ಅತ್ತೆ: ಈ ಮಾತು ಸರಿ, ನನ್ನ ಸಂಕಟವೂ ಅದೇ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ 33 ಕಡೆ ಆರಂಭವಾದಾಗಿನಿಂದ ಶಾಲಾಪೂರ್ವ ಶಿಕ್ಷಣ ಅದರ ಆರು ಸೇವೆಗಳಲ್ಲಿ ಒಂದು. ಆದರೆ ಊಟದ ಲೆಕ್ಕ, ಮನೆ ಭೇಟಿ, ಸಮೀಕ್ಷೆ, ಫೋನಿನಲ್ಲಿ ಮಾಹಿತಿ ತುಂಬುವುದು ಇವೆಲ್ಲ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಅವಳು ಹಾಡು, ಕಥೆ ಹೇಳಬೇಕು. ಇಪ್ಪತ್ತು ಮಕ್ಕಳಿಗೆ ಒಬ್ಬರು ಹಿರಿಯರಿರಬೇಕೆಂದು ನೀತಿಯೇ ಹೇಳುತ್ತದೆ. ಅವಳಿಗೆ ಕೊಡುವುದನ್ನು ಮಾತ್ರ ಇಂದಿಗೂ ಸಂಬಳ ಎನ್ನದೆ ಗೌರವಧನ ಎನ್ನುತ್ತೇವೆ. ಅವರಿಗೆ ಗ್ರ್ಯಾಚುಟಿ, ಅಂದರೆ ಸೇವೆ ಮುಗಿದಾಗ ಕೊಡುವ ಇಡಿಗಂಟು, ಸಲ್ಲಬೇಕೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಅಣ್ಣ: ಮಗಳನ್ನು ಶಾಲೆಯಿಂದ ಬಿಡಿಸುವ ಧೈರ್ಯ ನನಗಿನ್ನೂ ಬಂದಿಲ್ಲ, ಅತ್ತೆ. ಶನಿವಾರ ಪೋಷಕರ ಸಭೆಯಿದೆ. ಆ ಎರಡು ಪುಟ ಬರೆಸುವುದನ್ನು ನಿಲ್ಲಿಸಿ ಎಂದು ಕೇಳುತ್ತೇನೆ. ಆಟದ ಬಗ್ಗೆ ನೀತಿಯಲ್ಲಿರುವ ಪುಟವನ್ನು ನನಗೆ ಪ್ರತ್ಯೇಕವಾಗಿ ಕಳುಹಿಸಿ.

ಅತ್ತೆ: ಈಗಲೇ ಕಳುಹಿಸುತ್ತೇನೆ. ಶನಿವಾರಕ್ಕೆ ಮುಂಚೆ ಒಂದು ಬೆಳಿಗ್ಗೆ ಅವಳನ್ನು ಕರೆದುಕೊಂಡು ಆ ಅಂಗನವಾಡಿಯಲ್ಲಿ ಒಂದು ಗಂಟೆ ಕುಳಿತು ಬಾ.